ಪಿಟೀಲು ಮುಟ್ಟದ ಮಗಳಿಗೆ

ಪುಟ್ಟೀ,

ಮೊನ್ನೆ ಫೋನಿನಲ್ಲಿ "ಪಿಟೀಲು ಮುಟ್ಟಿ ಆರು ತಿಂಗಳಾಯ್ತಮ್ಮಾ, ಲ್ಯಾಬ್ ಬಿಟ್ಟರೆ ಬೇರೇನೂ ಇಲ್ಲ" ಅಂದೆಯಲ್ಲ, ನಾನು ಸುಮ್ನೆ ಹೂಂ ಅಂದೆ. ಆಮೇಲೆ ಬೊರೊಡಿನ್ ನೆನಪಾದ.

ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಆಲ್ಡಾಲ್ ಅನ್ನುವ ರಾಸಾಯನಿಕ ಕ್ರಿಯೆಯ ಪಾಠ ಮಾಡಿದವಳು ನಾನು. ಅಸಿಟಾಲ್ಡಿಹೈಡ್‌ಗೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸು, ಎರಡೆರಡು ಅಣು ಕೈ ಹಿಡಿಯುತ್ತವೆ ಅಂತ ಬೋರ್ಡಿನ ಮೇಲೆ ಬರೆದಿದ್ದೇ ಬರೆದಿದ್ದು. 1872ರಲ್ಲಿ ಅದನ್ನು ಪ್ಯಾರಿಸ್ಸಿನಲ್ಲಿ ವರ್ಟ್ಸ್ ಅನ್ನುವ ವಿಜ್ಞಾನಿ, ರಷ್ಯಾದ ಪೀಟರ್ಸ್‌ಬರ್ಗ್‌ನಲ್ಲಿ ಅಲೆಕ್ಸಾಂಡರ್ ಬೊರೊಡಿನ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡುಕೊಂಡಿದ್ದರು. ಈ ಬೊರೊಡಿನ್ನೇ ವಾದ್ಯವೃಂದಕ್ಕೆ ಸಿಂಫನಿ ಬರೆದವನು ಅಂತ ನನಗೆ ಗೊತ್ತಾದದ್ದು ರಿಟೈರ್ ಆದ ಮೇಲೆ. ನಾಚಿಕೆಯಾಯಿತು.

ಹುಟ್ಟಿದ್ದು 1833ರಲ್ಲಿ. ಅಪ್ಪ ಜಾರ್ಜಿಯಾ ಮೂಲದ ರಾಜಮನೆತನದವನು. ಅಮ್ಮನನ್ನು ಮದುವೆಯಾಗಿರಲಿಲ್ಲ. ಹಾಗಾಗಿ ಮಗುವನ್ನು ಮನೆಯ ಜೀತದಾಳಿನ ಮಗ ಅಂತ ಬರೆಸಿದರು. ಬೊರೊಡಿನ್ ಅನ್ನುವುದು ಆ ಆಳಿನ ಹೆಸರು. ಹುಡುಗ ಡಾಕ್ಟರಾದ, ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿ ರಸಾಯನಶಾಸ್ತ್ರ ಕಲಿತ. ಅಲ್ಲಿ ಆವರ್ತ ಕೋಷ್ಟಕದ ಮೆಂಡಲೀವ್ ಅವನ ಗೆಳೆಯ. ಮುಂದೆ ಹೆಂಡತಿಯಾದ, ಪಿಯಾನೊ ನುಡಿಸುವ ಎಕಟೆರಿನಾ ಸಿಕ್ಕಿದ್ದೂ ಅಲ್ಲೇ. ಊರಿಗೆ ಮರಳಿ ಪ್ರೊಫೆಸರ್ ಆದ. ಅವನ ಗುರು ಜಿನಿನ್‌ಗೆ ಶಿಷ್ಯನ ಸಂಗೀತದ ಗೀಳು ಕಂಡರೆ ಆಗುತ್ತಿರಲಿಲ್ಲ. ನಿನ್ನ ಗೈಡಿಗೂ ಆಗಲಿಕ್ಕಿಲ್ಲ, ಬಿಡು.

ನನಗೆ ಇಷ್ಟವಾಗುವುದು ಅವನ ಮನೆ. ಲ್ಯಾಬಿನ ಪಕ್ಕದಲ್ಲೇ ಕ್ವಾರ್ಟರ್ಸ್. ಸ್ನೇಹಿತರು ಸಂಗೀತದ ಮಾತಿಗೆ ಬಂದರೆ, ನಡುವೆ ಎದ್ದು ಓಡುತ್ತಿದ್ದ, ಏನಾದರೂ ಉಕ್ಕಿತೋ, ಕುದಿದು ಸೀದಿತೋ ಅಂತ. ಹಾಡು ಗುನುಗುತ್ತಾ ವಾಪಸ್ ಬರುತ್ತಿದ್ದ. ಮನೆ ತುಂಬ ನೆಂಟರು. ಯಾರೋ ಮಲಗಿರುತ್ತಿದ್ದರು, ಅವರ ನಿದ್ದೆ ಕೆಡುತ್ತದೆ ಅಂತ ಪಿಯಾನೊ ಮುಟ್ಟುತ್ತಿರಲಿಲ್ಲ. ಬೆಕ್ಕುಗಳು ಊಟದ ಮೇಜಿನ ಮೇಲೆ ನಡೆದು ತಟ್ಟೆಗೇ ಬಾಯಿ ಹಾಕುತ್ತಿದ್ದವು. ಇದನ್ನೆಲ್ಲ ಬರೆದಿಟ್ಟವನು ಅವನ ಸಂಗೀತಗಾರ ಗೆಳೆಯ ರಿಮ್ಸ್ಕಿ-ಕೊರ್ಸಕೊವ್. ಓದಿದಾಗ ನಮ್ಮ ಅಜ್ಜಿ ಮನೆಯ ಬೇಸಿಗೆ ರಜೆ ಕಣ್ಣಿಗೆ ಬಂತು.

ಒಂದು ರಾತ್ರಿಯ ಕಥೆ ಕೇಳು. ಸಂಗೀತ ಕಛೇರಿಯ ದಿನ ಹತ್ತಿರ ಬಂದಿದೆ, 'ಪ್ರಿನ್ಸ್ ಇಗೋರ್' ಅನ್ನುವ ಒಪೆರಾದ, ಅಂದರೆ ಹಾಡುನಾಟಕದ, ಕುಣಿತಕ್ಕೆ ವಾದ್ಯವೃಂದದ ಬರಹ ಆಗಿಲ್ಲ. ರಿಮ್ಸ್ಕಿ-ಕೊರ್ಸಕೊವ್ ಮನೆಗೆ ಹೋದ, ಗೆಳೆಯರು ಕೂತು ಜೊತೆಗೆ ಬರೆದರು. ಪೆನ್ಸಿಲಿನಲ್ಲಿ ಬರೆದದ್ದು ಅಳಿಸಬಾರದು ಅಂತ ಬೊರೊಡಿನ್ ಪ್ರತಿ ಹಾಳೆಗೂ ಜೆಲಾಟಿನ್ ಬಳಿದ. ಬೇಗ ಒಣಗಲಿ ಅಂತ ಕೋಣೆಯೊಳಗೆ ಹಗ್ಗ ಕಟ್ಟಿ, ಒಗೆದ ಬಟ್ಟೆಯ ಹಾಗೆ ನೇತುಹಾಕಿದ. ಕೆಮಿಸ್ಟ್ರಿ ಮೇಷ್ಟ್ರ ಬುದ್ಧಿ, ಅಲ್ವಾ!

ಆ ಒಪೆರಾ ಮಾತ್ರ ಮುಗಿಯಲಿಲ್ಲ. 1869ರಲ್ಲಿ ಶುರು ಮಾಡಿದ್ದು, 1887ರಲ್ಲಿ ಅವನು ಹೋಗುವಾಗಲೂ ಅರ್ಧವೇ ಆಗಿತ್ತು. ವೇಷ ಹಾಕಿ ನಲಿಯುವ ಕೂಟದಲ್ಲಿ ನಿಂತಲ್ಲೇ ಕುಸಿದ. ವಯಸ್ಸು 53. ಒಪೆರಾ ಮುಗಿಸಿದ್ದು ರಿಮ್ಸ್ಕಿ-ಕೊರ್ಸಕೊವ್ ಮತ್ತು ಗ್ಲಾಜುನೊವ್ ಅನ್ನುವ ಇನ್ನೊಬ್ಬ ಸಂಗೀತಗಾರ. ಅಷ್ಟು ವರ್ಷ ತಡವಾಗಿದ್ದಕ್ಕೆ ಸೋಮಾರಿತನ ಕಾರಣವಲ್ಲ. ಪಾಠ, ಸಮಿತಿ, ಹೆಂಡತಿಯ ಆಸ್ತಮಾ. ಜೊತೆಗೆ 1872ರಲ್ಲಿ ಶುರುವಾದ ಹೆಣ್ಣುಮಕ್ಕಳ ವೈದ್ಯಕೀಯ ತರಗತಿಗಳು. ಅದಕ್ಕಾಗಿ ತುಂಬಾ ಓಡಾಡಿದ, ತಾನೇ ಪಾಠವನ್ನೂ ಮಾಡಿದ. ಸಂಗೀತದ ಗೆಳೆಯರು ಇದರ ಮೇಲೆ ಸಿಡುಕುತ್ತಿದ್ದರು. ನಾನಾದರೆ ಆ ಹುಡುಗಿಯರ ಕಡೆಗೇ.

1881ರಲ್ಲಿ ನಾಲ್ಕು ತಂತಿವಾದ್ಯಗಳ ತನ್ನ ಎರಡನೇ ಕ್ವಾರ್ಟೆಟ್ ಬರೆದು ಎಕಟೆರಿನಾಗೆ ಅರ್ಪಿಸಿದ. ಅದರ ಮೂರನೇ ಭಾಗ ನಿನ್ನೆ ಬಟ್ಟೆ ಮಡಚುತ್ತಾ ಕೇಳಿದೆ. ಮೊದಲು ದೊಡ್ಡ ಪಿಟೀಲಿನಂಥ ಚೆಲ್ಲೋ ಹಾಡುತ್ತದೆ, ಆಮೇಲೆ ಪಿಟೀಲು ಅದೇ ರಾಗವನ್ನು ಮೇಲೆತ್ತಿಕೊಳ್ಳುತ್ತದೆ. ಎರಡು ಸಲ ಕೇಳಿದೆ. ನಿನ್ನ ಚೂಡಿದಾರ ಮಡಚುವುದು ಅಲ್ಲಿಗೇ ನಿಂತಿತು.

ನಿನ್ನ ಹಳೆ ಪಿಟೀಲಿನ ತಂತಿ ಒಂದು ತುಂಡಾಗಿದೆ. ದಸರಾಗೆ ಬರ್ತೀಯಲ್ಲ, ಅಷ್ಟರಲ್ಲಿ ಹಾಕಿಸಿಡಲಾ? ಬೇಡ ಅಂದರೂ ಹಾಕಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ