ಮಳೆಗಾಲದ ಟಿಶ್ಯೂ ಇನ್ನು ಮೇ ತಿಂಗಳಲ್ಲೇ ಒಯ್ಯಬೇಕು: ಸದಸ್ಯರಿಗೆ, ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಈ ವರ್ಷದಿಂದ ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ಟಾಯ್ಲೆಟ್ ರೋಲು, ಕಿಚನ್ ರೋಲು, ಟಿಶ್ಯೂ ಪೆಟ್ಟಿಗೆ, ನ್ಯಾಪ್‌ಕಿನ್ ಇವನ್ನು ಸಂಘದ ಅಂಗಡಿಯಲ್ಲಿ ದಿನವಹಿ ಮಾರಾಟಕ್ಕೆ ಇಡುವುದಿಲ್ಲ. ನಾಲ್ಕು ತಿಂಗಳಿಗೆ ಬೇಕಾದಷ್ಟನ್ನು ಮೇ 10ರೊಳಗೆ ಕೌಂಟರಿನಲ್ಲಿ ಬರೆಸಿ, ಅರ್ಧ ಹಣ ಕಟ್ಟಿ, ಮೇ 18ರಿಂದ 24ರೊಳಗೆ ಒಯ್ಯಬೇಕು. ದರ ಮೇ ತಿಂಗಳದ್ದೇ. ಹೆಚ್ಚಾಯಿತೆಂದು ಕಂಡರೆ ಪೊಟ್ಟಣ ಒಡೆಯದೆ ಜೂನ್ 5ರೊಳಗೆ ತನ್ನಿ, ಹಣ ವಾಪಸು ಕೊಡುತ್ತೇವೆ. ಆಮೇಲೆ ತಂದದ್ದನ್ನು ತೆಗೆದುಕೊಳ್ಳುವುದಿಲ್ಲ. ಯಾಕೆ ಅನ್ನುವುದು ಮುಂದೆ ಓದಿದರೆ ತಿಳಿಯುತ್ತದೆ.

ಟಿಶ್ಯೂ ತೂಕದ ಮಾಲಲ್ಲ, ಜಾಗದ ಮಾಲು. 50 ಕಿಲೋ ಸಕ್ಕರೆ ಚೀಲ ಹಿಡಿಯುವ ಜಾಗದಲ್ಲಿ ಸುಮಾರು 60 ಟಾಯ್ಲೆಟ್ ರೋಲು ಕೂರುತ್ತದೆ, ಅಂದರೆ ನಾಲ್ಕು ಕಿಲೋ. ಘಾಟಿ ಬಂದ್ ಆಗಿ ಲಾರಿ ಸುತ್ತು ಹೊಡೆದು ಬರುವ ದಿನಗಳಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ ಮೊದಲು ಹತ್ತುತ್ತವೆ. ಗಾಳಿ ತುಂಬಿದ ಪೆಟ್ಟಿಗೆಗೆ ಬಾಡಿಗೆ ಕೊಡುವವರು ಯಾರು? 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತಿತು. ಅದೇ ತಿಂಗಳ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ 66 ಕೂಡ ಮುಚ್ಚಿತು. ಸಂಪಾಜೆ ದಾರಿಯನ್ನೂ ನೆಚ್ಚಿಕೊಳ್ಳುವಂತಿಲ್ಲ ಎಂದು 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿತ ತೋರಿಸಿತ್ತು.

ಬಂದ ಮಾಲಿನ ಸ್ಥಿತಿಯೂ ಅಷ್ಟೇ. ನೀರು ಹೀರಬೇಕೆಂದೇ ಮಾಡಿದ ಕಾಗದ ಅದು. ಟಾರ್ಪಾಲಿನ ಒಂದು ತೂತಿನಿಂದ ಪೆಟ್ಟಿಗೆಯ ಒಂದು ಮೂಲೆ ನೆನೆದರೆ ರಟ್ಟು ಆ ನೀರನ್ನು ಹೀರಿ ಪಕ್ಕದ ಸಾಲಿಗೆ ದಾಟಿಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮೂಸಿ ನೋಡಿದರೆ ಮುಗ್ಗಲು. ಅಂಥದ್ದನ್ನು ಪೂರ್ತಿ ದರಕ್ಕೆ ಮಾರುವುದು ಸರಿಯಲ್ಲ.

ಇನ್ನು ಎಷ್ಟು ಬರೆಸಬೇಕು ಎಂಬ ಲೆಕ್ಕ. ಇಂಟರ್‌ನೆಟ್ಟಿನಲ್ಲಿ ಸಿಗುವ ಅಮೆರಿಕದ ಲೆಕ್ಕ ನಮಗೆ ಹೊಂದುವುದಿಲ್ಲ. ಅಲ್ಲಿ ಎಲ್ಲವೂ ಕಾಗದದಲ್ಲೇ. ನಮ್ಮಲ್ಲಿ ನೀರೇ ಮುಖ್ಯ, ಕಾಗದ ಬರೇ ಒರೆಸಿಕೊಳ್ಳಲಿಕ್ಕೆ, ಅದೂ ಎಲ್ಲ ಮನೆಗಳಲ್ಲಿ ಇಲ್ಲ. ಆದ್ದರಿಂದ ನಿಮ್ಮ ಮನೆಯ ಲೆಕ್ಕ ನಿಮ್ಮ ಬಚ್ಚಲಿನಲ್ಲೇ ಸಿಗಬೇಕು. ಹೊಸ ರೋಲು ಹಾಕಿದ ದಿನ ತಾರೀಕನ್ನು ಪೆನ್ನಿನಲ್ಲಿ ಒಳಗಿನ ರಟ್ಟಿನ ಕೊಳವೆಯ ಮೇಲೆ ಬರೆಯಿರಿ. ಮುಗಿದಾಗ ಕೊಳವೆ ಕೈಗೆ ಬರುತ್ತದೆ, ದಿನ ಎಣಿಸಿ. ಮೂರು ರೋಲಿನ ಸರಾಸರಿ ತೆಗೆದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ಎಂದರೆ 122 ದಿನ. ರೋಲು ಆರು ದಿನಕ್ಕೆ ಮುಗಿಯುತ್ತದೆ ಎಂದಾದರೆ 21 ರೋಲು. ಚೌತಿಗೆ ಬರುವ ನೆಂಟರು, ಶೀತ, ಹೊಟ್ಟೆ ಕೆಟ್ಟದ್ದು ಇವಕ್ಕೆಲ್ಲ ಕಾಲುಭಾಗ ಸೇರಿಸಿದರೆ 26. ನಾಲ್ಕರ ಪೊಟ್ಟಣದಲ್ಲಿ ಏಳು ಪೊಟ್ಟಣ ಬರೆಸಿ. ಒಂದು ವರ್ಷಕ್ಕಾಗುವಷ್ಟು ಬೇಡ. ಕಾಗದಕ್ಕೆ ಎಕ್ಸ್‌ಪೈರಿ ಇಲ್ಲ ನಿಜ, ಆದರೆ ನಮ್ಮ ಹವೆಯಲ್ಲಿ ಎರಡನೇ ಮಳೆಗಾಲ ಕಂಡ ಟಿಶ್ಯೂ ಮೂಗಿಗೆ ಹಿಡಿಯಲು ಆಗುವುದಿಲ್ಲ. ಹೋಮ್‌ಸ್ಟೇ ನಡೆಸುವವರು ಹೋದ ವರ್ಷದ ಕೋಣೆ ಬುಕಿಂಗ್ ಪುಸ್ತಕ ನೋಡಿ ಬರೆಸಿದರೆ ಒಳ್ಳೆಯದು.

ಹತ್ತರ ದೊಡ್ಡ ಕಟ್ಟು ಈ ಸಲ ತರಿಸುತ್ತಿಲ್ಲ. ಅದನ್ನು ಒಮ್ಮೆ ಒಡೆದರೆ ಉಳಿದ ಒಂಬತ್ತು ರೋಲೂ ಅವತ್ತಿನಿಂದಲೇ ತೇವ ಎಳೆಯಲು ಶುರುಮಾಡುತ್ತವೆ.

ಇನ್ನೊಂದು ಸಣ್ಣ ಬದಲಾವಣೆ: ದರಪಟ್ಟಿಯಲ್ಲಿ ಇನ್ನು ಮುಂದೆ ರೋಲಿನ ತೂಕವನ್ನೂ ಬರೆಯುತ್ತೇವೆ. ಉಬ್ಬಿ ಕಾಣುವ ರೋಲು ದೊಡ್ಡ ರೋಲಲ್ಲ, ಸಡಿಲ ಸುತ್ತಿದ ರೋಲೂ ಇರಬಹುದು. ಲೆಕ್ಕ ಸುಲಭ. ಒಂದು ಪದರ ಚದರ ಮೀಟರಿಗೆ 15 ಗ್ರಾಮಿನದ್ದು, ಹಾಳೆ 10 ಸೆಂಟಿಮೀಟರ್ ಉದ್ದ, 10 ಅಗಲ, ಎರಡು ಪ್ಲೈ, ಅಂದರೆ ಎರಡು ಪದರ, ಎಂದಿಟ್ಟುಕೊಳ್ಳಿ. ಒಂದು ಹಾಳೆಗೆ 0.3 ಗ್ರಾಂ. 200 ಹಾಳೆಯ ರೋಲಿಗೆ 60 ಗ್ರಾಂ, ಕೊಳವೆಯ ತೂಕ ಬೇರೆ. ಪೊಟ್ಟಣದ ಮೇಲೆ ಹಾಳೆಯ ಸಂಖ್ಯೆ ದೊಡ್ಡದಾಗಿದ್ದು ತೂಕ ಕಡಿಮೆ ಬಂದರೆ ಹಾಳೆ ಚಿಕ್ಕದಿರಬೇಕು, ಇಲ್ಲವೇ ತೆಳ್ಳಗಿರಬೇಕು. ತೆಳು ಕಾಗದ ಒದ್ದೆ ಕೈಯಲ್ಲಿ ಹರಿಯುತ್ತದೆ, ಒಂದರ ಬದಲು ಮೂರು ಹಾಳೆ ಹೋಗುತ್ತದೆ. ಕೌಂಟರಿನ ಸಣ್ಣ ತಕ್ಕಡಿ ನಿಮಗೂ ಇದೆ, ತೂಗಿ ನೋಡಿ.

ತೆಗೆದುಕೊಂಡು ಹೋದ ಮೇಲಿನ ಕೆಲಸವೇ ದೊಡ್ಡದು. ಹಲಸಿನ ಹಪ್ಪಳ ಕಾಪಾಡಲು ಗೊತ್ತಿರುವ ಮನೆಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ: ಹಪ್ಪಳ ಡಬ್ಬಿಗೆ ಹೋಗುವ ಹಾಗೆಯೇ ಕಾಗದವೂ ಹೋಗಬೇಕು. ಬಿಗಿ ಮುಚ್ಚಳದ, ಅಗಲ ಬಾಯಿಯ 50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 30 ರೋಲು ಹಿಡಿಯುತ್ತದೆ. ಹಳೆಯ ತಗಡಿನ ಟ್ರಂಕೂ ಆದೀತು, ತುಕ್ಕು ಹಿಡಿದಿರಬಾರದು. ಮೈಲುತುತ್ತು ಕದಡಿದ ಡ್ರಮ್ಮು, ಕೀಟನಾಶಕ ಬಂದ ಕ್ಯಾನು ಎಷ್ಟು ತೊಳೆದರೂ ಬೇಡ, ಇದು ಮೈಗೆ ತಾಗುವ ಕಾಗದ.

ಡ್ರಮ್ಮನ್ನು ತೊಳೆದು ಒಂದಿಡೀ ದಿನ ಬಿಸಿಲಿಗೆ ಕವುಚಿ ಇಡಿ, ಒಳಗೆ ತಂದು ಪೂರ್ತಿ ಆರಲು ಬಿಡಿ. ಬಿಸಿ ಡ್ರಮ್ಮಿಗೆ ತುಂಬಿ ಮುಚ್ಚಿದರೆ ರಾತ್ರಿ ತಣಿದಾಗ ಒಳಗಿನ ಗಾಳಿಯ ತೇವ ಗೋಡೆಯಲ್ಲಿ ಹನಿಯಾಗಿ ಕೂರಬಹುದು. ತುಂಬುವುದಕ್ಕೆ ಒಳ್ಳೆಯ ಹೊತ್ತು ಮಳೆ ಬಾರದ ದಿನದ ಮಧ್ಯಾಹ್ನ ಎರಡರಿಂದ ನಾಲ್ಕು, ಆಗ ಗಾಳಿ ಹೆಚ್ಚು ಒಣಗಿರುತ್ತದೆ. ಪೊಟ್ಟಣದ ಪ್ಲಾಸ್ಟಿಕ್ ಬಿಚ್ಚಬೇಡಿ. ಬೆಳಗ್ಗಿನ ಮಂಜಿನಲ್ಲಿ ಅಥವಾ ಜುಲೈಯ ಜಡಿಮಳೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕಿದಂತೆ. ಅದಕ್ಕಿಂತ ಹೊರಗೆ ಇಟ್ಟದ್ದೇ ವಾಸಿ. ಜೂನ್ 5ರ ಮೇಲೆ ವಾಪಸು ಇಲ್ಲ ಎಂದದ್ದು ಇದಕ್ಕೇ.

ಸಿಲಿಕಾ ಜೆಲ್ ಇದ್ದರೆ 200 ಗ್ರಾಮಿನಷ್ಟು ಬಟ್ಟೆ ಚೀಲದಲ್ಲಿ ಕಟ್ಟಿ ಮೇಲೆ ಇಡಿ. ಕಿತ್ತಳೆ ಬಣ್ಣದ್ದು ಹಸಿರಾದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ. ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಗೆ ಬೇಡ. ಸುಟ್ಟ ಸುಣ್ಣದ ಕಲ್ಲು ಇಡುವ ಹಳೆಯ ಉಪಾಯವೂ ಬೇಡ, ನೀರು ತಾಗಿದರೆ ಅದು ಕುದಿಯುವಷ್ಟು ಬಿಸಿಯಾಗುತ್ತದೆ. ಕರ್ಪೂರ, ನುಸಿಗುಳಿಗೆ, ಫಿನಾಯಿಲ್, ಸೋಪು, ಕಾಳುಮೆಣಸು ಇವುಗಳ ಜೊತೆ ಇಟ್ಟರೆ ಕಾಗದಕ್ಕೆ ಆ ವಾಸನೆಯೇ ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಎಂದು ಅಲ್ಲಿ ಇಡುವವರಿದ್ದಾರೆ; ಮಸಿ, ಹೊಗೆ ಎರಡೂ ಕೂರುತ್ತವೆ.

ಡ್ರಮ್ಮು ನೆಲಕ್ಕೂ ಗೋಡೆಗೂ ತಾಗದಿರಲಿ. ಅಡಿಗೆ ಎರಡು ಹಲಗೆ, ಗೋಡೆಯಿಂದ ನಾಲ್ಕು ಬೆರಳು ದೂರ. ರಟ್ಟಿನ ಪೆಟ್ಟಿಗೆಯಲ್ಲಿ ಗೋಡೆಗೆ ಒರಗಿಸಿಟ್ಟರೆ ಗೆದ್ದಲು ಹಿಂದಿನಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ, ಮುಂದಿನಿಂದ ಪೆಟ್ಟಿಗೆ ಹೊಸದರಂತೆಯೇ ಕಾಣುತ್ತಿರುತ್ತದೆ. ಇಲಿಗೆ ಟಿಶ್ಯೂ ಆಹಾರವಲ್ಲ, ಹಾಸಿಗೆ; ಒಂದು ರಾತ್ರಿಯಲ್ಲಿ ಎರಡು ರೋಲು ಹತ್ತಿಯಾಗುತ್ತದೆ. ವಾರಕ್ಕೊಮ್ಮೆ ಮಾತ್ರ ಡ್ರಮ್ಮು ತೆರೆದು ಒಂದು ಪೊಟ್ಟಣ ಹೊರಗೆ ತೆಗೆಯಿರಿ. ಬರೇ ತೇವ ಎಳೆದದ್ದು ಗಾಜು, ಸಿಂಕು ಒರೆಸಲು ಬರುತ್ತದೆ. ಕಪ್ಪು ಚುಕ್ಕೆ ಬಂದದ್ದನ್ನು ಮೈಗೆ ಮುಟ್ಟಿಸಬೇಡಿ, ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.

ಕಿಚನ್ ರೋಲಿನ ಬಗ್ಗೆ ಬೇರೆಯಾಗಿ ಒಂದು ಮಾತು. ಟಾಯ್ಲೆಟ್ ರೋಲು ಮುಗಿದಾಗ ಇದನ್ನು ಬಳಸಿ ಕಮೋಡಿಗೆ ಹಾಕುವುದುಂಟು. ಎರಡು ಬಾಟಲಿಗೆ ಅರ್ಧರ್ಧ ನೀರು ತುಂಬಿ, ಒಂದಕ್ಕೆ ಟಾಯ್ಲೆಟ್ ಹಾಳೆ, ಇನ್ನೊಂದಕ್ಕೆ ಕಿಚನ್ ರೋಲಿನ ಹಾಳೆ ಹಾಕಿ ಒಂದು ನಿಮಿಷ ಕುಲುಕಿ. ಮೊದಲನೆಯದು ಗಂಜಿಯಾಗುತ್ತದೆ, ಎರಡನೆಯದು ಹಾಳೆಯಾಗಿಯೇ ತೇಲುತ್ತಿರುತ್ತದೆ. ಒದ್ದೆಯಾದರೂ ಹರಿಯದಿರಲೆಂದು ಅದಕ್ಕೆ ಅಂಟು ಸೇರಿಸಿರುತ್ತಾರೆ. ನ್ಯಾಪ್‌ಕಿನ್ನೂ ಹಾಗೆಯೇ, ವೆಟ್ ವೈಪ್ಸ್ ಅಂತೂ ಇನ್ನೂ ಗಟ್ಟಿ. ಮಳೆಗಾಲದಲ್ಲಿ ಕಕ್ಕಸು ಗುಂಡಿಯ ಸುತ್ತಲಿನ ಮಣ್ಣೇ ನೀರು ಕುಡಿದು ನಿಂತಿರುತ್ತದೆ, ಪೈಪು ಕಟ್ಟಿದರೆ ಬಿಡಿಸಲು ಜನ ಸಿಗುವುದೂ ಕಷ್ಟ.

ಹಪ್ಪಳ, ಪೋಡಿ ಕರಿದು ಹಳೆಯ ದಿನಪತ್ರಿಕೆಯ ಮೇಲೆ ಹಾಕುವ ಅಭ್ಯಾಸ ಇನ್ನೂ ಇದೆ. ಅಚ್ಚಿನ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2023ರ ಸೆಪ್ಟೆಂಬರಿನಲ್ಲಿ ಇದನ್ನು ಕೂಡಲೇ ಬಿಡಿ ಎಂದು ಹೇಳಿದೆ. ಹಾಗೆಂದು ಕರಿದದ್ದಕ್ಕೆಲ್ಲ ಕಿಚನ್ ರೋಲು ಹಾಸಿದರೆ ನಾಲ್ಕು ರೋಲು ನಾಲ್ಕು ವಾರಕ್ಕೂ ಬಾರದು. ಜರಡಿ ಸೌಟಿನಲ್ಲಿ ಬಾಣಲೆಯ ಮೇಲೆಯೇ ಅರ್ಧ ನಿಮಿಷ ಹಿಡಿದು, ಆಮೇಲೆ ತೂತಿನ ತಟ್ಟೆಗೆ ಹಾಕಿ, ಅದರಡಿಗೆ ಒಂದೇ ಹಾಳೆ ಇಟ್ಟರೆ ಸಾಕು.

ಮಕ್ಕಳ ನೋಟುಪುಸ್ತಕ, ಬೈಂಡ್ ಕಾಗದ ಎಂದಿನಂತೆ ವರ್ಷವಿಡೀ ಸಿಗುತ್ತದೆ. ಮನೆಯಲ್ಲಿ ಪ್ರಿಂಟರ್ ಇದ್ದವರು ಎ4 ರೀಮನ್ನು ಒಂದೊಂದಾಗಿಯೇ ಒಡೆಯಿರಿ. ಅದರ ಹೊದಿಕೆ ತೇವ ತಡೆಯುವಂಥದ್ದು, ಒಡೆದಿಟ್ಟ ಹಾಳೆ ಸುರುಟಿ ಪ್ರಿಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಬರೆಸಲು ಮರೆತವರಿಗಾಗಿ ಒಂದಿಷ್ಟನ್ನು ಡ್ರಮ್ಮಿನಲ್ಲಿ ಮುಚ್ಚಿ ಇಟ್ಟಿರುತ್ತೇವೆ. ಒಂದು ಕಾರ್ಡಿಗೆ ಹದಿನೈದು ದಿನಕ್ಕೆ ನಾಲ್ಕರ ಒಂದು ಪೊಟ್ಟಣ, ಅದಕ್ಕಿಂತ ಹೆಚ್ಚಿಲ್ಲ. ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರಿಗೆ ಈ ಮಿತಿ ಇಲ್ಲ. ಬರೆಸುವಾಗಲೇ ತಿಳಿಸಿ, ಕಾರ್ಡಿನ ಮೇಲೆ ಗುರುತು ಹಾಕಿಡುತ್ತೇವೆ. ಮಾಲು ಒಯ್ಯಲು ಬರುವಾಗ ದೊಡ್ಡ ಪ್ಲಾಸ್ಟಿಕ್ ಚೀಲ ತನ್ನಿ. ಮೇ ತಿಂಗಳ ಕೊನೆಗೆ ಸಂಜೆ ಗುಡುಗು ಮಳೆ ಹೇಳಿ ಬರುವುದಿಲ್ಲ, ಸ್ಕೂಟರಿನ ಮುಂದೆ ಇಟ್ಟ ಕಟ್ಟು ಮನೆ ಮುಟ್ಟುವ ಮೊದಲೇ ನೆನೆದೀತು.

ಇತಿ,
ಅಂಗಡಿ ವಿಭಾಗ,
ಬಳಕೆದಾರರ ಸಹಕಾರ ಸಂಘ