ಮರದ ಕೋಸ್ಟರ್ ಇನ್ನೂ ಯಾಕೆ ಅಂತ ಕೇಳಿದ್ದಿಯಲ್ಲ ಹರೀಶ

ಪ್ರೀತಿಯ ಹರೀಶ,

ನೀನು ಅಬುಧಾಬಿಯ ಯಾಸ್ ಐಲ್ಯಾಂಡಿಂದ ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ ಮಾರಾಯ. ಫಾರ್ಮುಲಾ ರೋಸಾ ಅನ್ನುವ ಆ ಸ್ಟೀಲ್ ರೋಲರ್ ಕೋಸ್ಟರಿಂದ ಇಳಿದವನ ಸ್ವರ ಹಾಗೇ ಇರ್ಬೇಕು, ಅರ್ಧ ಮಾತು ಅರ್ಧ ಉಸಿರು. ಭಾರೀ ಖುಷಿ ಆಯ್ತು. ಆದ್ರೆ ಲಾಸ್ಟಿಗೆ ಒಂದು ಮಾತು ಹೇಳಿದ್ದಿ ನೋಡು, ಸ್ಟೀಲಲ್ಲಿ ಇಷ್ಟೆಲ್ಲ ಮಾಡ್ಲಿಕ್ಕೆ ಆಗುವಾಗ ಆ ಮರದ ಕೋಸ್ಟರನ್ನು ಇನ್ನೂ ಯಾಕೆ ಇಟ್ಕೊಂಡಿದ್ದಾರೆ ಅಂತ, ಅದು ನನ್ನ ತಲೇಲಿ ಕೂತು ಬಿಟ್ಟಿತು. ವಾಟ್ಸಾಪಲ್ಲೇ ಉತ್ತರ ಟೈಪ್ ಮಾಡ್ಲಿಕ್ಕೆ ಹೊರಟೆ, ಉದ್ದ ಆಯ್ತು, ಮತ್ತೆ ನಮ್ಮ ಕಡೆ ಇದ್ರ ಹುಚ್ಚು ಇರುವವರು ಇನ್ನೂ ನಾಕು ಜನ ಇದ್ರೆ ಅವರೂ ಓದ್ಲಿ ಅಂತ ಇಲ್ಲೇ ಹಾಕ್ತಾ ಇದ್ದೇನೆ.

ಸ್ಟೀಲಿಂದು ಮೊದ್ಲು ಹೇಳಿ ಮುಗಿಸ್ತೇನೆ, ಯಾಕಂದ್ರೆ ಅದರ ಮೇಲೆ ನಂಗೆ ಎಂತ ಕೋಪವೂ ಇಲ್ಲ. 1959ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಲ್ಲಿ ಮ್ಯಾಟರ್‌ಹಾರ್ನ್ ಅನ್ನುವ ಕೋಸ್ಟರ್ ಬಂತಲ್ಲ, ಅದರಲ್ಲೇ ಮೊದಲ ಸರ್ತಿ ಪೈಪಿನ ಹಳಿ ಹಾಕಿದ್ದು. ಪೈಪನ್ನು ಬೇಕಾದ ಹಾಗೆ ಬಗ್ಗಿಸ್ಲಿಕ್ಕೆ ಆಗ್ತದೆ, ಅಲ್ಲಿಂದ ಮುಂದೆ ಆಟವೇ ಬದ್ಲಾಯ್ತು. ತಲೆಕೆಳಗಾಗುವ ಲೂಪ್ ಅಂತೂ ಹೊಸದೇನಲ್ಲ, 1895ರಲ್ಲೇ ನ್ಯೂಯಾರ್ಕಿನ ಕೋನಿ ಐಲ್ಯಾಂಡಲ್ಲಿ ಒಂದು ಇತ್ತು, ಆದ್ರೆ ಅದು ಪೂರ್ತಿ ಉರುಟು. ಗಾಡಿ ಜೋರಲ್ಲಿ ಬಂದು ಸೀದಾ ಉರುಟಿನೊಳಗೆ ನುಗ್ಗುವಾಗ ಕೆಳಗಿನ ಜಾಗದಲ್ಲಿ ಬೀಳುವ ಒತ್ತಡಕ್ಕೆ ಜನರ ಕುತ್ತಿಗೆ ಹಿಡಿದು ಹೋಗ್ತಿತ್ತು. ಅದನ್ನು ಸರಿ ಮಾಡಿದ್ದು ಜರ್ಮನಿಯ ಕೋಸ್ಟರ್ ಇಂಜಿನಿಯರುಗಳಾದ ಶ್ವಾರ್ಜ್‌ಕಾಫ್ ಮತ್ತು ಸ್ಟೆಂಗೆಲ್. 1976ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ ಅನ್ನುವ ಪಾರ್ಕಲ್ಲಿ ರೆವಲ್ಯೂಶನ್ ಅಂತ ಮಾಡಿದ್ರು, ಅದರ ಲೂಪ್ ಕೆಳಗೆ ಅಗಲ, ಮೇಲೆ ಹೋದ ಹಾಗೆ ಸಣ್ಣ. ವೇಗ ಜಾಸ್ತಿ ಇರುವಲ್ಲಿ ತಿರುವು ದೊಡ್ಡದು, ಕಮ್ಮಿ ಇರುವಲ್ಲಿ ಬಿಗಿ, ಅಷ್ಟೇ ಲೆಕ್ಕ. ಬಿಡದಿಯ ವಂಡರ್‌ಲಾದಲ್ಲಿ ರೀಕಾಯ್ಲ್ ಅನ್ನುವ ಕೋಸ್ಟರ್ ಮುಂದೆ ಹೋಗಿ ವಾಪಸ್ ಹಿಂದೆ ಹಿಂದೆಯೇ ಬರ್ತದಲ್ಲ, ಅದರಲ್ಲಿ ನಾವು ಕೂತು ಕುತ್ತಿಗೆ ನೋವಿಲ್ಲದೆ ನಕ್ಕೊಂಡು ಇಳಿಯೋದು ಈ ಲೆಕ್ಕದ ಪುಣ್ಯ. ನಿನ್ನ ರೋಸಾ ಕೂಡ ಸಣ್ಣ ಸಂಗತಿ ಅಲ್ಲ, 2010ರಿಂದ ಎಷ್ಟೋ ವರ್ಷ ಲೋಕದಲ್ಲೇ ಅತಿ ವೇಗದ್ದು, 5 ಸೆಕೆಂಡ್ ಆಗುವುದರೊಳಗೆ 240 ಕಿಲೋಮೀಟರ್ ವೇಗ, ಕಣ್ಣಿಗೆ ಕನ್ನಡಕ ಕೊಡದೆ ಕೂರಿಸುದೇ ಇಲ್ಲ.

ಈಗ ಕೇಳು. ನಿನ್ನ ರೋಸಾದ ಹಳಿ ಸುಮಾರು 2 ಕಿಲೋಮೀಟರ್ ಉಂಟು. ಅಮೆರಿಕದ ಒಹಾಯೋದಲ್ಲಿ, ಸಿನ್ಸಿನಾಟಿ ಹತ್ರ, ಕಿಂಗ್ಸ್ ಐಲ್ಯಾಂಡ್ ಅಂತ ಪಾರ್ಕ್, ಅಲ್ಲಿ ಬೀಸ್ಟ್ ಅಂತ ಮರದ್ದೊಂದು, 1979ರದ್ದು, ಅದು 2.2 ಕಿಲೋಮೀಟರ್, ಮರದ್ದರಲ್ಲಿ ಇವತ್ತಿಗೂ ಅದಕ್ಕಿಂತ ಉದ್ದದ್ದು ಇಲ್ಲ. ಹೆಚ್ಚುಕಮ್ಮಿ ಒಂದೇ ಉದ್ದ ಅಲ್ವಾ. ನಿಂದು ಒಂದೂವರೆ ನಿಮಿಷದಲ್ಲಿ ಮುಗೀತದೆ, ಬೀಸ್ಟ್ ನಾಲ್ಕು ನಿಮಿಷ ದಾಟ್ತದೆ. ಪ್ರಾಜೆಕ್ಟ್ ಅಂತ ಆ ಊರಲ್ಲಿ ಇದ್ದಾಗ ನಾನು ಸೀಸನ್ ಪಾಸ್ ಮಾಡಿಸಿ ಬಿಡುವು ಸಿಕ್ಕಿದಾಗೆಲ್ಲ ಅಲ್ಲೇ ಇರ್ತಿದ್ದೆ, ಅದು ನಿಂಗೆ ಗೊತ್ತುಂಟು. ಆದ್ರೆ ಆ ನಾಲ್ಕು ನಿಮಿಷದಲ್ಲಿ ಎಂತ ಆಗ್ತದೆ ಅಂತ ನಾನು ಯಾವತ್ತೂ ಸರಿಯಾಗಿ ಹೇಳ್ಲಿಲ್ಲ.

ಅದು ಕಾಡಿನೊಳಗೆ ಉಂಟು. ಗುಡ್ಡ ತಗ್ಗು ಇದ್ದ ಜಾಗವನ್ನು ಸಮತಟ್ಟು ಮಾಡದೆ ಇದ್ದ ಹಾಗೇ ಇಟ್ಟು ಅದರ ಮೇಲೆ ಹಳಿ ಎಳ್ದಿದ್ದಾರೆ, ಹಾಗಾಗಿ ಮೊದಲ ಏರು 110 ಅಡಿ ಆದ್ರೂ ಆಮೇಲೆ ಒಂದು ಕಡೆ 141 ಅಡಿ ಇಳೀತದೆ, ನೆಲವೇ ತಗ್ಗಿಗೆ ಹೋಗಿರ್ತದೆ. ರಾತ್ರಿ ಕೂರ್ಬೇಕು ಅದ್ರಲ್ಲಿ. ಕಾಡಲ್ಲಿ ಲೈಟ್ ಇಲ್ಲ. ಸರಪಳಿ ಎಳ್ಕೊಂಡು ಹೋಗುವಾಗ ಕೆಳಗಿಂದ ಟಕ್ ಟಕ್ ಟಕ್ ಅಂತ ಸದ್ದು ಬರ್ತದಲ್ಲ, ಅದು ಗಾಡಿ ಹಿಂದೆ ಜಾರದ ಹಾಗೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುವ ಸದ್ದು, ಮೇಲೆ ಹೋಗಿ ಸರಪಳಿ ಬಿಟ್ಟ ಕೂಡ್ಲೆ ಅದು ನಿಲ್ತದೆ. ಆಮೇಲೆ ಎಂಜಿನ್ ಇಲ್ಲ, ಮೋಟರ್ ಇಲ್ಲ, ಬರೀ ಭಾರ. ಕತ್ತಲೇಲಿ ಎದುರಿಗೆ ಎಂತ ಉಂಟು ಅಂತ ಕಾಣುದಿಲ್ಲ, ತಿರುವು ಬರುದು ಮೈಗೆ ಗೊತ್ತಾಗ್ತದೆ, ಕಣ್ಣಿಗಲ್ಲ. ಕೊನೆಗೆ ಎರಡನೇ ಏರು ಹತ್ತಿಸಿ ಮರದ ಮಾಡಿನೊಳಗೆ ಸುತ್ತು ಹಾಕಿಸ್ತಾರೆ, ಒಂದೂವರೆ ಸುತ್ತು, ಹಲಗೆ ಗೋಡೆ ಕೈಗೆಟಕುವಷ್ಟು ಹತ್ರ ಇರುವ ಹಾಗೆ ಕಾಣ್ತದೆ, ಆ ಶಬ್ದ ಉಂಟಲ್ಲ ಹರೀಶ, ಕೆಳಗೆ ಹಳಿ ಗುಡುಗುವುದು ಮೇಲಿನ ಮಾಡಿಗೆ ಹೊಡೆದು ವಾಪಸ್ ನಮ್ಮ ಮೇಲೇ ಬೀಳ್ತದೆ, ನಾನು ಎಷ್ಟು ಸ್ಟೀಲಲ್ಲಿ ಕೂತ್ರೂ ಅಂಥದ್ದು ಕೇಳ್ಲಿಲ್ಲ.

ಆ ಶಬ್ದ ಎಲ್ಲಿಂದ ಬರ್ತದೆ ಅಂತ ಹೇಳ್ತೇನೆ, ನನ್ನ ಇಡೀ ಮಾತು ಇರುದೇ ಅಲ್ಲಿ. ಮರದ ಕೋಸ್ಟರಿನ ಹಳಿ ಅಂದ್ರೆ ಪೈನ್ ಹಲಗೆಗಳನ್ನು ಒಂದರ ಮೇಲೊಂದು ಅಟ್ಟಿ ಹಾಕಿ, ಮೊಳೆ ಬೋಲ್ಟ್ ಹೊಡೆದು, ಮೇಲೆ ತೆಳ್ಳಗಿನ ಕಬ್ಬಿಣದ ಪಟ್ಟಿ ಕೂರಿಸಿದ್ದು. ಹಳೇ ಕಾಲದ ಗಾಡಿಗಳಲ್ಲಿ ಚಕ್ರವೂ ಕಬ್ಬಿಣವೇ. ಹಾಗಾಗಿ ಪಟ್ಟಿಯ ಪ್ರತಿ ಜಾಯಿಂಟ್ ಬೆನ್ನಿಗೆ ಗೊತ್ತಾಗ್ತದೆ. ಸ್ಟೀಲಿಂದು ಹಾಗಲ್ಲ, ಪೈಪನ್ನು ಫ್ಯಾಕ್ಟರಿಯಲ್ಲೇ ಅಳತೆಗೆ ಸರಿಯಾಗಿ ಬಗ್ಗಿಸಿ ತಂದು ಬೋಲ್ಟ್ ಮಾಡುದು, ಚಕ್ರಕ್ಕೆ ಪಾಲಿಯುರೆಥೇನ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್, ಕೆಲವು ಕಡೆ ಶಬ್ದ ಕಮ್ಮಿ ಆಗ್ಲಿ ಅಂತ ಆ ಹಳಿಯ ಹೊಟ್ಟೆಗೆ ಮರಳು ಬೇರೆ ತುಂಬಿಸ್ತಾರೆ. ಬೆಳಿಗ್ಗೆ ಕೂತ್ರೂ ರಾತ್ರಿ ಕೂತ್ರೂ ಹೆಚ್ಚುಕಮ್ಮಿ ಒಂದೇ ಓಟ. ಮರದ್ದು ದಿನಕ್ಕೊಂದು ನಮೂನೆ. ಬೆಳಿಗ್ಗೆ ಚಳಿಗೆ ಗ್ರೀಸ್ ಗಟ್ಟಿ ಇರುವಾಗ ಸ್ವಲ್ಪ ನಿಧಾನ, ಮಧ್ಯಾಹ್ನ ದಾಟಿ ಎಲ್ಲ ಬಿಸಿ ಆದ ಮೇಲೆ ಜೋರು. ಗಾಡಿ ಹೋಗುವಾಗ ಕೆಳಗೆ ನಿಂತು ಕಂಬ ನೋಡಿದ್ರೆ ಕಂಬ ಅಲ್ಲಾಡುದು ಕಾಣ್ತದೆ, ಅದು ಸಡಿಲ ಆಗಿ ಅಲ್ಲಾಡುದಲ್ಲ, ಬಲ ಬಿದ್ದಾಗ ಬಳುಕಿ ವಾಪಸ್ ಬರ್ಲಿ ಅಂತಲೇ ಹಾಗೆ ಕಟ್ಟಿದ್ದು.

ಮತ್ತೆ ಅದನ್ನು ನೋಡ್ಕೊಳ್ಳುವವರು. ದಿನಾ ಬೆಳಿಗ್ಗೆ ಪಾರ್ಕಿನ ಗೇಟ್ ತೆಗಿಯುದರ ಮೊದ್ಲು ಬಡಗಿಗಳು ಹಳಿ ಮೇಲೇ ನಡ್ಕೊಂಡು ಹೋಗ್ತಾರೆ, ಕೈಯಲ್ಲಿ ಸುತ್ತಿಗೆ ಸ್ಪ್ಯಾನರ್, ಎದ್ದ ಮೊಳೆ ಬಡಿದು, ಸಡಿಲ ಆದ ಬೋಲ್ಟ್ ಬಿಗಿ ಮಾಡಿ, ಪುಸ್ಕ ಆದ ಹಲಗೆ ಕಂಡ್ರೆ ಗುರ್ತು ಹಾಕಿ. ಚಳಿಗಾಲ ಪಾರ್ಕ್ ಬಂದ್ ಇರುವಾಗ ಆ ಭಾಗ ಬಿಚ್ಚಿ ಹೊಸ ಹಲಗೆ ಕೂರಿಸ್ತಾರೆ. ಹೀಗೆ ವರ್ಷ ವರ್ಷ ತುಂಡು ತುಂಡಾಗಿ ಬದ್ಲಾಯಿಸಿ ಬದ್ಲಾಯಿಸಿ ಇಡೀ ಕೋಸ್ಟರನ್ನು ಉಳಿಸ್ತಾರೆ. ಮೆಲ್ಬರ್ನಿನ ಲೂನಾ ಪಾರ್ಕಲ್ಲಿ 1912ರ ಸೀನಿಕ್ ರೈಲ್ವೆ ಅನ್ನುವ ಮರದ ಕೋಸ್ಟರ್ ಉಂಟು, ಅದರಲ್ಲಿ ಗಾಡಿಯ ಮಧ್ಯ ಒಬ್ಬ ಮನುಷ್ಯ ನಿಂತುಕೊಂಡು ಕೈಯಿಂದ ಬ್ರೇಕ್ ಹಾಕ್ತಾನೆ. ಕೋನಿ ಐಲ್ಯಾಂಡಿನ ಸೈಕ್ಲೋನ್ ಅನ್ನುವ ಮರದ ಕೋಸ್ಟರ್ 1927ರದ್ದು, ಅದನ್ನು ನ್ಯೂಯಾರ್ಕ್ ನಗರದವರು 1988ರಲ್ಲಿ ಕಾಪಾಡ್ಬೇಕಾದ ಸ್ಮಾರಕಗಳ ಪಟ್ಟಿಗೇ ಸೇರಿಸಿದ್ರು.

ಇದನ್ನೆಲ್ಲ ನಾನು ನಿನ್ನ ಅಪ್ಪನಿಗೆ ತೋರಿಸಿದ್ದೆ, ಅವರು ಹೇಳಿರ್ಲಿಕ್ಕಿಲ್ಲ ನಿಂಗೆ. ಬದಿಯಡ್ಕ ಪೇಟೇಲಿ ಸಿಕ್ಕಿದ್ರು, ಚಾ ಕುಡಿಯುವಾಗ ಮೊಬೈಲಲ್ಲಿ ಬೀಸ್ಟಿನ ಫೋಟೋ ಕೊಟ್ಟೆ. ಅವರು ಗಾಡಿ ನೋಡ್ಲಿಲ್ಲ, ಎತ್ತರ ನೋಡ್ಲಿಲ್ಲ. ಎರಡು ಬೆರಳಿಂದ ದೊಡ್ಡ ಮಾಡಿ ಮಾಡಿ ಒಂದು ಕಂಬಕ್ಕೆ ಅಡ್ಡಪಟ್ಟಿ ಸೇರುವ ಜಾಗಕ್ಕೆ ಬಂದು ನಿಂತ್ರು, ಸುಮಾರು ಹೊತ್ತು ಅದನ್ನೇ ನೋಡಿದ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ನಡುವಿನ ಒಂದು ಹಲಗೆ ಹಾಳಾದ್ರೆ ಅದೊಂದನ್ನೇ ತೆಗಿಲಿಕ್ಕೆ ಆಗ್ತದಾ ಅಂತ. ಆಗ್ತದೆ ಅಂದೆ. ಹಾಗಾದ್ರೆ ಇದು ನೂರು ವರ್ಷ ಇರ್ತದೆ, ಕೆಲಸ ಗೊತ್ತಿದ್ದವ ಒಬ್ಬ ಇರ್ಬೇಕು ಅಷ್ಟೇ ಅಂದ್ರು. ನಮ್ಮ ಕಡೆ ಆದ್ರೆ ಪೈನ್ ಆಗ್ಲಿಕ್ಕಿಲ್ಲ, ಎರಡು ಮಳೆಗಾಲಕ್ಕೆ ಒರಲೆ ತಿಂದು ಮುಗಿಸ್ತದೆ, ಕಿರಾಲುಬೋಗಿಯೇ ಹಾಕ್ಬೇಕು ಅಂತಲೂ ಹೇಳಿದ್ರು. ಅಷ್ಟು ಕಿರಾಲುಬೋಗಿ ಈಗ ಎಲ್ಲಿ ಸಿಗ್ತದೆ ಅಂತ ಅವರೇ ಬೇಜಾರು ಮಾಡ್ಕೊಂಡ್ರು.

ಮರದ್ದು ಅಂದ್ರೆ ಹಳೇ ಕಾಲದ ಪೆದ್ದು ಸಾಮಾನು ಅಂತ ನೀನು ತಿಳ್ಕೊಂಡಿದ್ರೆ ಅದನ್ನು ಬಿಡು. ಪೆನ್ಸಿಲ್ವೇನಿಯದ ಆಲ್ಟೂನಾದಲ್ಲಿ ಲೀಪ್ ದ ಡಿಪ್ಸ್ ಅಂತ 1902ರದ್ದು ಉಂಟು, ಅದರ ಎತ್ತರ ಬರೀ 41 ಅಡಿ, ಯಾಕೆ ಗೊತ್ತುಂಟಾ, ಅದರ ಗಾಡಿಗೆ ಹಳಿಯ ಅಡಿಯಿಂದ ಹಿಡ್ಕೊಳ್ಳುವ ಚಕ್ರ ಇಲ್ಲ, ಜಾಸ್ತಿ ಎತ್ತರ ಮಾಡಿದ್ರೆ ಗಾಡಿ ಹಾರಿ ಹೋಗ್ತದೆ. 1919ರಲ್ಲಿ ಜಾನ್ ಮಿಲ್ಲರ್ ಅನ್ನುವವರು ಆ ಅಡಿಚಕ್ರಕ್ಕೆ ಪೇಟೆಂಟ್ ತೆಗ್ದರು, ಆಮೇಲೆಯೇ ಕಡಿದಾದ ಇಳಿಜಾರು ಸಾಧ್ಯ ಆದದ್ದು. ನಿನ್ನ ರೋಸಾ ಕೂಡ ಇವತ್ತು ಹಳಿಯನ್ನು ಕೆಳಗಿಂದ ಹಾಗೇ ಹಿಡ್ಕೊಂಡು ಓಡುದು. ಮತ್ತೆ ಮರದ್ದನ್ನು "ಇಟ್ಕೊಂಡದ್ದು" ಮಾತ್ರ ಅಲ್ಲ, ಈಗಲೂ ಹೊಸದಾಗಿ ಕಟ್ತಾ ಇದ್ದಾರೆ, ಅದೇ ಕಿಂಗ್ಸ್ ಐಲ್ಯಾಂಡಲ್ಲಿ 2017ರಲ್ಲಿ ಮಿಸ್ಟಿಕ್ ಟಿಂಬರ್ಸ್ ಬಂತು.

ಏರ್‌ಟೈಮ್ ಬಗ್ಗೆ ಹೇಳದಿದ್ರೆ ಆಗುದಿಲ್ಲ. ಸೀಟಿಂದ ಮೈ ಎದ್ದು ತೊಡೆ ಮೇಲಿನ ಕಂಬಿಗೆ ತಾಗುವ ಆ ಒಂದು ಕ್ಷಣ. ಪೆರ್ಲ ರೂಟಿನ ಬಸ್ಸಲ್ಲಿ ಲಾಸ್ಟ್ ಸೀಟಲ್ಲಿ ಕೂತು ಹಂಪ್ ಬರ್ಲಿ ಬರ್ಲಿ ಅಂತ ಕಾಯ್ತಿದ್ದೆವಲ್ಲ, ಅದೇ. ಬೀಸ್ಟಲ್ಲಿ ನಿಜ ಹೇಳ್ಬೇಕಾದ್ರೆ ಅದು ಕಮ್ಮಿ, ಅಲ್ಲಿರುದು ವೇಗ ಮತ್ತು ಕಾಡು. ಏರ್‌ಟೈಮಿಗೆ ಅದೇ ಪಾರ್ಕಿನ ರೇಸರ್ ಆಗ್ಬೇಕು, 1972ರದ್ದು, ಜಾನ್ ಅಲೆನ್ ಡಿಸೈನ್, ಎರಡು ಗಾಡಿ ಅಕ್ಕಪಕ್ಕ ಬಿಡ್ತಾರೆ. ಎತ್ತರ 88 ಅಡಿ ಮಾತ್ರ, ಸೀದಾ ಸೀದಾ ದಿಬ್ಬಗಳು, ಒಂದೊಂದು ದಿಬ್ಬದ ನೆತ್ತಿಯಲ್ಲೂ ಮೈ ಹಗುರ ಆಗ್ತದೆ. ಅಮೆರಿಕದಲ್ಲಿ 1930ರ ಬಡತನದ ಕಾಲದಿಂದ ಮರದ ಕೋಸ್ಟರುಗಳು ಒಂದೊಂದೇ ಬಿದ್ದು ಹೋಗ್ತಾ ಇದ್ವು, ಈ ರೇಸರ್ ಬಂದ ಮೇಲೆ ಪಾರ್ಕಿನವರಿಗೆ ಪುನಃ ಮರದ್ದರ ಮೇಲೆ ನಂಬಿಕೆ ಬಂತು. ನನ್ನನ್ನು ಕೇಳಿದ್ರೆ ಹಿಂದಿನ ಸೀಟೇ ಸೈ, ಮುಂದಿನ ಡಬ್ಬಿಗಳು ಆಗ್ಲೇ ಇಳೀಲಿಕ್ಕೆ ಶುರು ಮಾಡಿರ್ತವೆ, ಕೊನೆಯ ಡಬ್ಬಿಯನ್ನು ನೆತ್ತಿಯಿಂದ ಎಳ್ದು ಬಿಸಾಡಿದ ಹಾಗೆ ಆಗ್ತದೆ.

ಮರದ್ದೆಲ್ಲ ಒಳ್ಳೇದು ಅಂತ ನಾನು ಹೇಳುದಿಲ್ಲ. ಬೀಸ್ಟ್ ಇರುವ ಪಾರ್ಕಲ್ಲೇ 2000ದಲ್ಲಿ ಸನ್ ಆಫ್ ಬೀಸ್ಟ್ ಅಂತ ಕಟ್ಟಿದ್ರು, 218 ಅಡಿ, ಅದಕ್ಕೊಂದು ಲೂಪ್ ಬೇರೆ. ಮರಕ್ಕೆ ಅಷ್ಟು ಭಾರ ಹೊರಿಸಿದ್ದು ಸರಿ ಆಗ್ಲಿಲ್ಲ, ಲೂಪ್ ತೆಗ್ದರು, 2009ರಲ್ಲಿ ನಿಲ್ಲಿಸಿಯೇ ಬಿಟ್ರು, ಆಮೇಲೆ ಕೆಡವಿದ್ರು. ಸ್ಟೀಲಿನ ಹಾಗೆ ಆಗ್ಲಿಕ್ಕೆ ಹೋದ್ರೆ ಮರ ಸೋಲ್ತದೆ. ಇನ್ನು ಈಗ ಹೈಬ್ರಿಡ್ ಅಂತ ಬಂದದೆ, 2011ರಲ್ಲಿ ಟೆಕ್ಸಸ್ ಜಾಯಂಟ್ ಅನ್ನುವ ಕೋಸ್ಟರಿಂದ ಶುರು ಆದದ್ದು, ಹಳೇ ಮರದ ಕಂಬಗಳನ್ನು ಉಳಿಸಿ ಮೇಲೆ ಸ್ಟೀಲ್ ಹಳಿ ಹಾಕುದು. ಒಹಾಯೋದ ಸೀಡರ್ ಪಾಯಿಂಟಲ್ಲಿ ಮೀನ್ ಸ್ಟ್ರೀಕ್ ಅನ್ನುವ ಹಳೇ ಮರದ್ದನ್ನು ಹಾಗೆ ಮಾಡಿ 2018ರಲ್ಲಿ ಸ್ಟೀಲ್ ವೆಂಜೆನ್ಸ್ ಅಂತ ಬಿಟ್ರು, ಭಾರೀ ಹೆಸರು. ಅದು ಅದ್ಭುತವೇ, ಆದ್ರೆ ಅದನ್ನು ಮರದ್ದು ಅಂತ ನಾನು ಒಪ್ಪುದಿಲ್ಲ. ಕಂಬ ಯಾವುದ್ರದ್ದು ಅಂತ ಅಲ್ಲ ಲೆಕ್ಕ, ಚಕ್ರ ಓಡುದು ಯಾವುದ್ರ ಮೇಲೆ ಅಂತ. ಕೋನಿ ಐಲ್ಯಾಂಡಿನ ಸೈಕ್ಲೋನಿನ ಕಂಬ ಪೂರ್ತಿ ಸ್ಟೀಲು, ಹಳಿ ಮರ, ಹಾಗಾಗಿ ಅದನ್ನು ಎಲ್ರೂ ಮರದ್ದು ಅಂತಲೇ ಹೇಳುದು.

ನಿಂಗೆ ಅಮೆರಿಕ ಈಗ ಆಗುದಿಲ್ಲ ಅಂತ ಗೊತ್ತುಂಟು. ಆದ್ರೆ ಮುಂದಿನ ವರ್ಷ ಕಂಪನಿಯವರು ಟ್ರೈನಿಂಗಿಗೆ ಕೊರಿಯಕ್ಕೆ ಕಳಿಸ್ತಾರೆ ಅಂದಿದ್ದಿಯಲ್ಲ, ಸಿಯೋಲ್ ಹತ್ರ ಎವರ್‌ಲ್ಯಾಂಡ್ ಅಂತ ಪಾರ್ಕ್ ಉಂಟು, ಅಲ್ಲಿ ಟೀ ಎಕ್ಸ್‌ಪ್ರೆಸ್ ಅನ್ನುವ ಮರದ ಕೋಸ್ಟರ್, 2008ರದ್ದು, 56 ಮೀಟರ್ ಎತ್ತರ, ಮೊದಲ ಇಳಿತ 77 ಡಿಗ್ರಿ, ಅಂದ್ರೆ ಹೆಚ್ಚುಕಮ್ಮಿ ನೆಟ್ಟಗೆ. ಅದರ ಹಲಗೆಗಳನ್ನು ಫ್ಯಾಕ್ಟರಿಯಲ್ಲೇ ಮೆಶಿನಲ್ಲಿ ಕೊರೆದು ತಂದದ್ದು, ಹಾಗಾಗಿ ಬೀಸ್ಟಿನಷ್ಟು ಗುಡುಗುದಿಲ್ಲ, ನುಣ್ಣಗೆ ಓಡ್ತದೆ, ಸ್ಟೀಲ್ ಅಭ್ಯಾಸ ಆದ ನಿಂಗೆ ಮೊದ್ಲಿಗೆ ಅದೇ ಒಳ್ಳೇದು. ರಜೆ ದಿನ ಹೋಗ್ಬೇಡ, ಕ್ಯೂ ಉದ್ದ ಇರ್ತದೆ. ಬೆಳಿಗ್ಗೆ ಒಂದು ಸರ್ತಿ ಮುಂದಿನ ಸೀಟಲ್ಲಿ, ಸಂಜೆ ಒಂದು ಸರ್ತಿ ಹಿಂದಿನ ಸೀಟಲ್ಲಿ ಕೂತುಕೋ, ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನೀನೇ ಹೇಳ್ಬೇಕು ನಂಗೆ. ಕಂಬ ಹಳಿ ಸೇರುವ ಜಾಗದ ಫೋಟೋ ಹತ್ರದಿಂದ ಒಂದು ತೆಗಿ, ನಿನ್ನ ಅಪ್ಪ ಕೇಳಿದ್ದಾರೆ.

ಕಣ್ಣೂರು ಬೆಂಗ್ಳೂರು ಟ್ರೈನಿಗೆ ಡಿಸೆಂಬರಲ್ಲಿ ಟಿಕೆಟ್ ಸಿಗುದು ಕಷ್ಟ, ಬಿಡದಿಗೆ ಹೋಗುದಾದ್ರೆ ಊರಿಗೆ ಬರುವ ತಾರೀಕು ಬೇಗ ಹೇಳು.

ನಿನ್ನ,
ಸುರೇಶ
ಬದಿಯಡ್ಕ