ಮತ್ತೆ ತುತ್ತು ಇಳಿಯುವಂತೆ ಮಾಡಿದವರಿಗೆ

ಅನ್ನನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಈ ತಿಂಗಳಿಗೆ ಎರಡು ವರ್ಷ ತುಂಬಿತು. ಮೊನ್ನೆಯ ತಪಾಸಣೆಯಲ್ಲಿ ರೋಗ ಮರುಕಳಿಸಿದ ಲಕ್ಷಣಗಳಿಲ್ಲವೆಂದು ವೈದ್ಯರು ತಿಳಿಸಿದ್ದರಿಂದ, ಇಷ್ಟು ದಿನ ಧೈರ್ಯ ಸಾಲದೆ ತಡೆಹಿಡಿದಿದ್ದ ಕೃತಜ್ಞತೆಯ ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನನ್ನ ಹೆಂಡತಿಗೆ. ನಮ್ಮ ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗೆ ಐವತ್ತು ವರ್ಷ ನುಂಗಿದವನು ತುತ್ತು ತುತ್ತಿಗೂ ನೀರು ಕುಡಿಯತೊಡಗಿದ್ದನ್ನು, ಆಮೇಲೆ ಮುದ್ದೆ ಬಿಟ್ಟು ಗಂಜಿಗೆ ಬಂದದ್ದನ್ನು ನನಗಿಂತ ಮೊದಲು ಗಮನಿಸಿದವಳು ಅವಳು. ನಾನಾದರೋ ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು, ಅಂಗಡಿಯ ಮಾತ್ರೆಗಳಲ್ಲಿ ಮೂರು ತಿಂಗಳು ಕಳೆದಿದ್ದೆ. ತೂಕ ಒಂಬತ್ತು ಕೆ.ಜಿ. ಇಳಿದಾಗ ಅವಳು ಮಾತು ಬೆಳೆಸದೆ ಮೈಸೂರಿನ ಬಸ್ಸು ಹತ್ತಿಸಿದಳು.

ಅಲ್ಲಿ ಎಂಡೋಸ್ಕೋಪಿ ಮಾಡಿದ ವೈದ್ಯರ ಋಣ ದೊಡ್ಡದು. ಬಯಾಪ್ಸಿಯ ವರದಿ ಬಂದ ದಿನ ಅವರು ನನ್ನನ್ನು ಗದರಲಿಲ್ಲ; ದಿನಕ್ಕೆ ಎಷ್ಟು ಸಲ ಎಲೆಯಡಿಕೆ, ಅದರೊಂದಿಗೆ ಕಡ್ಡಿಪುಡಿ ಉಂಟೇ, ಸಂಜೆ ಕುಡಿಯುವುದೆಷ್ಟು, ಕಾಫಿ ಎಷ್ಟು ಬಿಸಿಯಿರಬೇಕು ಎಂದು ಒಂದೊಂದನ್ನೂ ಸಮಾಧಾನದಿಂದ ಕೇಳಿ ಬರೆದುಕೊಂಡರು. ನಾನು ಹೇಳಿದ ಲೆಕ್ಕವನ್ನು ಪಕ್ಕದಲ್ಲಿದ್ದ ಹೆಂಡತಿ ಪ್ರತಿಸಲವೂ ದುಪ್ಪಟ್ಟು ಮಾಡಿ ತಿದ್ದಿದಳು!

ಬೀಡಿ ಮುಟ್ಟದವನೆಂಬ ಹೆಮ್ಮೆ ನನಗಿತ್ತು. ಆದರೆ ಬಾಯಲ್ಲಿಟ್ಟ ಹೊಗೆಸೊಪ್ಪಿನ ರಸವೂ ಇಳಿಯುವುದು ಅದೇ ಅನ್ನನಾಳದಲ್ಲಿ. ಹೊಗೆಸೊಪ್ಪು ಬೆರೆಸದ ಅಡಿಕೆಯನ್ನು ಸಹ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತ್ತೆಂಬುದು, ತಾಂಬೂಲವಿಲ್ಲದೆ ಶುಭಕಾರ್ಯವೇ ನಡೆಯದ ಊರಿನವನಾದ ನನಗೆ ಅಂದು ನಂಬಲು ಕಷ್ಟವಾಯಿತು. ತಂಬಾಕು ಮತ್ತು ಮದ್ಯ ಒಂದೇ ದೇಹದಲ್ಲಿ ಜೊತೆಯಾದರೆ ಅಪಾಯ ಕೂಡಿಕೆಯ ಲೆಕ್ಕದಲ್ಲಲ್ಲ, ಗುಣಾಕಾರದ ಲೆಕ್ಕದಲ್ಲಿ ಏರುತ್ತದೆಂದು ಅವರು ವಿವರಿಸಿದರು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳೂ 2016ರಿಂದ ಶಂಕಿತರ ಪಟ್ಟಿಯಲ್ಲಿವೆ. ದೋಷ ಕಾಫಿಯದಲ್ಲ, ಬಿಸಿಯದು. ಇವುಗಳಲ್ಲಿ ನನಗೆ ಮುಳುವಾದದ್ದು ಇಂಥದೇ ಎಂದು ಬೆರಳಿಟ್ಟು ತೋರಿಸಲು ಬಾರದೆಂದೂ ಅವರು ಪ್ರಾಮಾಣಿಕವಾಗಿ ಹೇಳಿದರು.

ಕುಡಿದವನಿಗೆ ಬಂತು, ನಮಗೇನು ಎಂದುಕೊಂಡ ನೆಂಟರಿಗಾಗಿ ಒಂದು ಮಾತು: ಅನ್ನನಾಳದ ಕೆಳತುದಿಯಲ್ಲಿ ಕಾಣಿಸಿಕೊಳ್ಳುವ ಮತ್ತೊಂದು ಬಗೆಯ ಕ್ಯಾನ್ಸರ್‌ಗೆ ಬೊಜ್ಜು ಮತ್ತು ವರ್ಷಗಟ್ಟಲೆ ಕಾಡುವ ಹುಳಿತೇಗು, ಎದೆಯುರಿಗಳ ನಂಟಿದೆ.

ಐದು ವಾರಗಳ ವಿಕಿರಣ ಮತ್ತು ಕಿಮೋಥೆರಪಿಯ ಅವಧಿಯಲ್ಲಿ ತನ್ನ ಕಬ್ಬಿನ ಕಟಾವನ್ನು ತಮ್ಮನಿಗೆ ಒಪ್ಪಿಸಿ ನನ್ನೊಡನೆ ಓಡಾಡಿದ ಅಕ್ಕನ ಮಗನಿಗೆ, ರಕ್ತ ಕೊಟ್ಟ ಹುಡುಗರಿಗೆ, ಹೊಟ್ಟೆಗೆ ಹಾಕಿದ್ದ ನಳಿಕೆಯಲ್ಲಿ ಆಹಾರ ಕೊಡುವುದನ್ನು ಬೇಸರಿಸದೆ ಕಲಿಸಿದ ನರ್ಸಮ್ಮನವರಿಗೆ ವಂದನೆಗಳು. ಊರಿನ ಹೋಟೆಲಿನ ಯಜಮಾನರು ಇಂದಿಗೂ ನನ್ನ ಕಾಫಿಯನ್ನು ಎರಡು ಲೋಟಗಳಲ್ಲಿ ಎತ್ತಿ ಹೊಯ್ದು ಆರಿಸಿಯೇ ಮುಂದಿಡುತ್ತಾರೆ.

ಜಠರವನ್ನೇ ಮೇಲಕ್ಕೆಳೆದು ಅನ್ನನಾಳದ ಜಾಗಕ್ಕೆ ಜೋಡಿಸಿರುವುದರಿಂದ ನಾನೀಗ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೇ ಉಣ್ಣುತ್ತೇನೆ, ತಲೆದಿಂಬು ಎತ್ತರಿಸಿ ಮಲಗುತ್ತೇನೆ. ಕಳೆದ ಭಾನುವಾರ ಹೆಂಡತಿ ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಮುದ್ದೆ ಕಟ್ಟಿ, ಸೊಪ್ಪಿನ ಸಾರಿನೊಂದಿಗೆ ಬಡಿಸಿ, ಅದು ಮುಗಿಯುವವರೆಗೂ ಎದುರಿಗೇ ಕುಳಿತಿದ್ದಳು.